ಇರ್ಮಿನಾ ಮ್ಯೂಲರ್ ಬಳ್ಳಿ ನೆಟ್ಟದ್ದು

ಇರ್ಮಿನಾಳಿಗೆ ತಂಗಿಯನ್ನು ಕಂಡರೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ? ಮೋಸೆಲ್ ನದಿಯ ದಂಡೆಯ ನಮ್ಮ ಊರಿಗೆಲ್ಲ ಅದು ಗೊತ್ತು. ಗೊತ್ತಿಲ್ಲದವಳೆಂದರೆ ಆ ತಂಗಿ ಒಡೀಲಿಯಾ ಒಬ್ಬಳೇ.

ಅಪ್ಪ ತೀರಿಕೊಂಡ ಮೇಲೆ ದ್ರಾಕ್ಷಿ ತೋಟ ಪಾಲಾಯಿತು. ನಮ್ಮಲ್ಲಿ ಪಾಲು ಎಂದರೆ ಚೀಟಿ ಎತ್ತುವುದು. ಅಪ್ಪನ ಟೋಪಿಯಲ್ಲೇ ಚೀಟಿ ಹಾಕಿ, ಕಿರಿಯಳು ಮೊದಲು ಎತ್ತಲಿ ಎಂದರು ಹಿರಿಯರು. ಒಡೀಲಿಯಾಳಿಗೆ ಬಂದದ್ದು ನದಿಗೆ ಮುಖ ಮಾಡಿದ ಕಡಿದಾದ ಇಳಿಜಾರು. ದಿನವಿಡೀ ಬಿಸಿಲು, ಸಂಜೆಯಾದರೂ ಕಾವು ಬಿಡದ ಸ್ಲೇಟು ಕಲ್ಲು. ಇರ್ಮಿನಾಳಿಗೆ ಉಳಿದದ್ದು ಹಳ್ಳದೊಳಗಿನ ತುಂಡು. ಅಲ್ಲಿ ಮಧ್ಯಾಹ್ನ ಕಳೆಯುತ್ತಲೇ ಗುಡ್ಡದ ನೆರಳು ಬೀಳುತ್ತದೆ, ಹಿಂದೆಯೇ ಚಳಿ ಬಂದು ಕೂರುತ್ತದೆ. ಎರಡರಲ್ಲೂ ಅಪ್ಪ ನೆಟ್ಟದ್ದು ರೀಸ್ಲಿಂಗ್. ಅದು ನಿಧಾನದ ಬಳ್ಳಿ, ಅಕ್ಟೋಬರ್ ಮುಗಿಯುವಾಗಲೂ ಬಿಸಿಲು ಕೇಳುತ್ತದೆ. ತಂಗಿಯ ತೋಟದಲ್ಲಿ ಮಾಗುತ್ತಿತ್ತು. ಅಕ್ಕನ ತೋಟದಲ್ಲಿ ಹಲ್ಲು ಜುಂ ಎನ್ನುವಷ್ಟು ಹುಳಿಯಾಗೇ ಉಳಿಯುತ್ತಿತ್ತು.

ಆ ಹುಳಿಯನ್ನೂ ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ಒಡೀಲಿಯಾಳ ಮಗುವಿಗೆ ಚರ್ಚಿನಲ್ಲಿ ಹೆಸರಿಟ್ಟ ದಿನ ಊಟದ ಮೇಜಿನ ಮೇಲೆ ಇರ್ಮಿನಾ ತನ್ನ ವೈನಿನ ಹೂಜಿ ಇಟ್ಟಳು. ಒಡೀಲಿಯಾಳ ಗಂಡ ವಿಲಿಬ್ರೋರ್ಡ್ ಒಂದು ಗುಟುಕು ಕುಡಿದು ತುಟಿ ಚಪ್ಪರಿಸಿದ.

"ಆಹಾ! ಯಾರ ಮನೆ ಫೀಟ್ಸಪ್ಪಾ ಇದು? ಇಂಥಾ ಒಳ್ಳೆ ಫೀಟ್ಸ್ ನಾನು ಕುಡಿದೇ ಇಲ್ಲ!"

ಫೀಟ್ಸ್ ಎಂದರೆ ಸೇಬಿನ ಹುಳಿ ಮದ್ಯ. ತೋಟದ ಆಳುಗಳು ಬಾಯಾರಿದಾಗ ಕುಡಿಯುವಂಥದ್ದು. ಪುಣ್ಯಾತ್ಮ ಮನಸಾರೆ ಹೊಗಳಿದ್ದ, ಅದೇ ಅವಳಿಗೆ ಹೆಚ್ಚು ಉರಿಯಿತು. ಮೇಜಿನ ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಒಡೀಲಿಯಾ ಗಂಡನ ತೊಡೆಗೆ ಚಿವುಟಿದಳು, ನಿಜ. ಆದರೆ ಅವಳ ತುಟಿಯಂಚಿನಲ್ಲೂ ನಗು ಇದ್ದದ್ದನ್ನು ಇರ್ಮಿನಾ ನೋಡಿದಳು. ಮಗು ದೊಡ್ಡದಾಗಿ ಮದುವೆಯ ವಯಸ್ಸಿಗೆ ಬಂದರೂ ಅವಳು ಅದನ್ನು ಮರೆಯಲಿಲ್ಲ.

ಹೀಗಿರುವಾಗ ಹಳ್ಳದ ಬಳ್ಳಿಗಳಿಗೆ ಮುಪ್ಪು ಬಂತು. ಕಿತ್ತು ಹೊಸದು ನೆಡಬೇಕು. ಒಮ್ಮೆ ನೆಟ್ಟ ಬಳ್ಳಿಯ ಜೊತೆ ಮೂವತ್ತು ವರ್ಷ ಬಾಳಬೇಕು. ಇರ್ಮಿನಾಳಿಗೆ ಐವತ್ತು ಹತ್ತಿರವಾಗಿತ್ತು. ಈ ಸಲ ಜಾತಿ ಆರಿಸುವುದರಲ್ಲಿ ಎಡವಿದರೆ ಸಾಯುವ ತನಕ ಹುಳಿಯೇ ಗತಿ.

"ಆ ಹಳ್ಳಕ್ಕೆ ಬೇಗ ಮಾಗೋ ಜಾತಿ ಬೇಕು ಕಣೇ," ಎಂದ ಗಂಡ ಆಲ್ವಿಸ್. "ಮ್ಯೂಲರ್ ಹಾಕೋಣ. ಇದ್ದಷ್ಟು ಬಿಸಿಲಲ್ಲೇ ಸೆಪ್ಟೆಂಬರಿಗೆ ಹಣ್ಣಾಗುತ್ತೆ."

"ಅವಳ ಮನೇಲಿ ರೀಸ್ಲಿಂಗು, ನನ್ನ ಮನೇಲಿ ಆ ಸಪ್ಪೆ ನೀರಾ? ಊರ ಮುಂದೆ ನನ್ನ ಮೂಗು ಕೊಯ್ಯಬೇಕು ಅಂತಿದೀರಾ?"

"ಮೂಗು ಹಾಗಿರಲಿ ಮಾರಾಯ್ತಿ, ನಾಲಿಗೆಗೂ ಏನಾದ್ರೂ ಬೇಡ್ವಾ?"

ಅವಳು ಜಗ್ಗಲಿಲ್ಲ. ಕಸಿ ಕಟ್ಟುವ ಕಾಸ್ಪರನಿಗೆ ರೀಸ್ಲಿಂಗ್ ಸಸಿಯೇ ಬೇಕೆಂದು ಹೇಳಿಯೂ ಬಂದಳು.

ಮರುವಾರ ಒಡೀಲಿಯಾ ಪ್ಲಮ್ ಹಣ್ಣಿನ ಕೇಕು ಮಾಡಿ ತಂದಳು. "ಅಕ್ಕಾ, ರೀಸ್ಲಿಂಗೇ ಹಾಕ್ತೀಯಂತಲ್ಲ, ಒಳ್ಳೇದಾಯ್ತು ಕಣೇ. ಮ್ಯೂಲರ್ ಮಳೆಗೆ ಕೊಳೆಯುತ್ತೆ, ಬಹಳ ದಿನ ಇಟ್ಟರೆ ರುಚಿ ನಿಲ್ಲಲ್ಲ. ಅಪ್ಪ ನೆಟ್ಟ ಜಾತಿ ನಿನ್ನ ಹತ್ರಾನೂ ಇರಲಿ."

ತಂಗಿ ಬೀದಿ ತಿರುಗಿದ್ದೇ ತಡ, ಇರ್ಮಿನಾ ಎದ್ದು ನಿಂತಳು. "ಓಹೋ! ನಾನು ಹುಳೀಲೇ ಸಾಯ್ಲಿ ಅಂತ ಇವಳ ಆಸೆ! ಅದಕ್ಕೇ ಈ ಕೇಕು!" ಚಪ್ಪಲಿಯನ್ನೂ ಬದಲಿಸದೆ ಕಾಸ್ಪರನ ಅಂಗಳಕ್ಕೆ ಹೋದಳು. "ಎಲ್ಲಾ ಮ್ಯೂಲರ್ ಮಾಡಪ್ಪಾ. ಒಂದೇ ಒಂದು ರೀಸ್ಲಿಂಗ್ ಸಸಿ ಕಂಡರೂ ವಾಪಸ್ ಕಳಿಸ್ತೀನಿ."

ಹೆಂಡತಿಗೆ ಬುದ್ಧಿ ಯಾವ ಬಾಗಿಲಿಂದ ಬಂದರೇನು, ಬಂತಲ್ಲ ಎಂದುಕೊಂಡ ಆಲ್ವಿಸ್.

ಮೊದಲ ಫಸಲಿನ ವರ್ಷ ಬೇಸಿಗೆಯೇ ಬರಲಿಲ್ಲ ಎನ್ನಬೇಕು. ಸದಾ ಮೋಡ, ತುಂತುರು. ತಂಗಿಯ ಇಳಿಜಾರಿನಲ್ಲೂ ರೀಸ್ಲಿಂಗ್ ಹಸಿರು ಕಲ್ಲಿನ ಹಾಗೆ ಕೂತಿತ್ತು. ಹಳ್ಳದ ಮ್ಯೂಲರ್ ಮಾತ್ರ ಹಳದಿಗೆ ತಿರುಗಿ ಮೆತ್ತಗಾಯಿತು. ಕೊಳೆಯುವ ಮೊದಲೇ ಗಂಡ ಹೆಂಡತಿ ಮಳೆಯ ಬಿಡುವಿನಲ್ಲಿ ಕೊಯ್ದು ಹಿಂಡಿದರು. ಬಾಗಿಲಿಗೆ ಹಸಿರು ಕೊಂಬೆ ಕಟ್ಟಿದರು. ಕೊಂಬೆ ಕಂಡರೆ ಇಲ್ಲಿ ಮನೆಯ ವೈನು ಸಿಗುತ್ತದೆ ಎಂದರ್ಥ. ಇನ್ನೂ ನೊರೆಯಾಡುವ ಸಿಹಿ ಹೊಸ ವೈನು, ಜೊತೆಗೆ ಬಿಸಿ ಈರುಳ್ಳಿ ಕಡುಬು. ಬೇರೆ ಯಾರ ಮನೆಯಲ್ಲೂ ಇನ್ನೂ ಹೊಸ ವೈನಿಲ್ಲ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಕೂರಲು ಬೆಂಚು ಸಾಲಲಿಲ್ಲ.

ಇರ್ಮಿನಾಳ ಕಣ್ಣೆಲ್ಲ ಬಾಗಿಲ ಮೇಲೆ. ಬರಲಿ ಅವಳು. ಕುಡಿಯಲಿ. ಆ ಮುಖ ಒಂದು ಸಲ ಕಪ್ಪಿಡುವುದನ್ನು ನಾನು ಕಣ್ತುಂಬ ನೋಡಬೇಕು.

ಒಡೀಲಿಯಾ ಬಂದಳು. ಇರ್ಮಿನಾ ತಾನೇ ಲೋಟ ತುಂಬಿಸಿ ಕೊಟ್ಟು ಎದುರಿಗೇ ನಿಂತಳು. ತಂಗಿ ಕುಡಿದಳು, ಕಣ್ಣರಳಿಸಿದಳು, ಮತ್ತೆ ಕುಡಿದಳು.

"ಅಯ್ಯೋ ಅಕ್ಕಾ! ಸದ್ಯ, ನನ್ನ ಮಾತು ಕೇಳಲಿಲ್ಲವಲ್ಲೇ ನೀನು! ರೀ, ಬನ್ನಿ ಇಲ್ಲಿ, ಅಕ್ಕನ ವೈನು ಕುಡಿದು ನೋಡಿ, ನಮ್ಮದು ಈ ವರ್ಷ ಇದರ ಕಾಲ ಕಸ!" ಎಂದು ಗಂಡನನ್ನು ಕೂಗಿದಳು. ಆಮೇಲೆ ಅಕ್ಕನನ್ನು ಬಾಚಿ ತಬ್ಬಿಕೊಂಡು, ಮೊಳೆಗೆ ತೂಗಿದ್ದ ಏಪ್ರನ್ ಕಟ್ಟಿಕೊಂಡು, ನಾಲ್ಕು ನಾಲ್ಕು ಲೋಟ ಹಿಡಿದು ಜನರಿಗೆ ಹಂಚುತ್ತಾ ಓಡಾಡಿದಳು. "ನಮ್ಮಕ್ಕಂದು, ನಮ್ಮಕ್ಕಂದು" ಎಂದು ಪ್ರತಿ ಮೇಜಿಗೂ ಹೇಳುತ್ತಿದ್ದಳು.

ಆಲ್ವಿಸ್ ಖಾಲಿ ಹೂಜಿ ತುಂಬಿಸಲು ಒಳಗೆ ಹೋದರೆ ಇರ್ಮಿನಾ ಪೀಪಾಯಿಗೆ ಹಣೆ ಆನಿಸಿ ಬಿಕ್ಕುತ್ತಿದ್ದಳು.

"ಏನಾಯ್ತೇ? ಮನೆ ತುಂಬಾ ಜನ. ತಂಗಿ ಬಾಯ್ತುಂಬಾ ಹೊಗಳ್ತಿದಾಳೆ. ಇನ್ನೇನು ಬೇಕೇ ನಿಂಗೆ?"

"ಅವಳಿಗೆ ಒಂಚೂರೂ ಹೊಟ್ಟೆ ಉರೀಲಿಲ್ಲ ಕಣ್ರೀ," ಎಂದಳು ಇರ್ಮಿನಾ. "ನಾನೊಬ್ಬಳೇನಾ ಇಷ್ಟು ವರ್ಷ ಉರಿದಿದ್ದು?"