ತಿಪ್ಪಕ್ಕತ್ತೆಯ ಕೈ

ಫಾಲ್ಗುಣ ಮಾಸದ ಒಂದು ಬುಧವಾರ, ಬೆಳಿಗ್ಗೆ ಏಳು ಗಂಟೆ. ಚಳ್ಳಕೆರೆಯ ನಮ್ಮ ಅಡಿಗೆಮನೆಯಲ್ಲಿದ್ದವರು ಮೂವರು: ನಾನು, ನನ್ನ ತಮ್ಮನ ಮಗ ರುದ್ರಪ್ಪ, ಅವನ ಮಗಳು ರತ್ನ. ಒಲೆಯ ಮೇಲೆ ಹುಣಸೆಬೀಜದ ಗಂಜಿ ಕುದಿಯುತ್ತಿತ್ತು. ರುದ್ರಪ್ಪನದು ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ; ಆ ಗಂಜಿಯೇ ಅದಕ್ಕೆ ಅಂಟು. ಯುಗಾದಿ ಹತ್ತಿರ ಬಂದು ಹೊಸ ಲೆಕ್ಕದ ಪುಸ್ತಕಗಳಿಗೆ ಬೇಡಿಕೆ ಹೆಚ್ಚಿದರೆ ಅಂಗಡಿಯ ಕೆಲಸ ಮನೆಯ ಒಲೆಯವರೆಗೂ ಬರುತ್ತದೆ. ಆ ವಾಸನೆ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಹುರಿದ ಬೀಜದ ಕಮಟು, ಅದರ ಬೆನ್ನಿಗೇ ಮೂಗಿನ ತುದಿಗೆ ಅಂಟುವ ಸಣ್ಣ ಹುಳಿ. ಆ ಅಡಿಗೆಮನೆಯಲ್ಲಿ ಉಣ್ಣೆ ಇರಲಿಲ್ಲ. ಆದರೂ ನನ್ನ ಮೂಗು ತಾನಾಗಿ ಒದ್ದೆ ಉಣ್ಣೆಯ ವಾಸನೆಯನ್ನೂ ಅದಕ್ಕೆ ಸೇರಿಸಿಕೊಂಡಿತು. ರತ್ನ ಒಂದು ಕೈಯಲ್ಲಿ ಗಂಜಿ ತಿರುವುತ್ತ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು. ಮರುದಿನ ಅವಳಿಗೆ ಮೆಟ್ರಿಕ್ ಪರೀಕ್ಷೆ. ಡಾಕ್ಟರಾಗಬೇಕೆಂಬ ಆಸೆ ಅವಳದು. ಗಂಜಿ ಆದ ಮೇಲೆ ಮೂಲೆಯಲ್ಲಿದ್ದ ರಟ್ಟುಗಳಿಗೆಲ್ಲ ಅದನ್ನು ಹಚ್ಚುವುದೂ ಅವಳ ಪಾಲಿನದೇ. ಪರೀಕ್ಷೆಯ ಹಿಂದಿನ ದಿನ ಮಗುವಿಗೆ ಈ ಕೆಲಸ ಯಾಕೆ ಎಂದು ನಾನು ಕೇಳಿದೆ. ರುದ್ರಪ್ಪ ಚಪ್ಪಲಿ ಮೆಟ್ಟುತ್ತ ಹೇಳಿದ: "ನಾನೇನು ಓದಬ್ಯಾಡ ಅಂದಿಲ್ಲ ಅತ್ತೆ. ನಮ್ಮ ಮುತ್ತಜ್ಜನ ಕಾಲದಿಂದ್ಲೂ ಈ ಮನೇಲಿ ಹೆಣ್ಣುಮಕ್ಳಿಗೆ ಬ್ಯಾಡ ಅಂದೋರಿಲ್ಲ." ಹೇಳಿ ಅಂಗಡಿಗೆ ಹೋದ.

ಅವನು ಹೇಳಿದ್ದು ನಿಜ. ನನ್ನ ಅಜ್ಜ ಯಾರಿಗೂ ಬೇಡ ಎಂದವನಲ್ಲ. ಅವನ ಹೆಸರು ಎತ್ತಿದರೆ ನಮ್ಮ ಬಳಗದವರು ಇಂದಿಗೂ ಕೈ ಮುಗಿಯುತ್ತಾರೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಹಿರಿಯ ಇದ್ದಿರಬಹುದು; ಇದ್ದರೆ, ನಾನು ಈಗ ಹೇಳುವುದು ನಿಮಗೆ ಹೊಸದಲ್ಲ.

ಇಪ್ಪತ್ತನೆಯ ಶತಮಾನ ಆಗಷ್ಟೇ ಶುರುವಾಗಿದ್ದ ಕಾಲ. ನನ್ನಿವಾಳದಲ್ಲಿ ನಮ್ಮದು ಕುರಿ ಕಾಯುವ, ಕಂಬಳಿ ನೇಯುವ ಮನೆ. ಮಣ್ಣಿನ ಮಾಳಿಗೆ, ಮುಂದೆ ಕುರಿಹಟ್ಟಿ, ಪಡಸಾಲೆಯಲ್ಲಿ ಎರಡು ಗುಂಡಿಮಗ್ಗ. ಬೆಳಗಿನ ಜಾವ ಮಗ್ಗದ ಸದ್ದು ಶುರುವಾದರೆ ಅವ್ವ ರೊಟ್ಟಿ ಬಡಿಯುವ ಸದ್ದು ಅದರ ಜೊತೆಗೆ ಸೇರುತ್ತಿತ್ತು. ನಾವು ಮಕ್ಕಳು ಆ ಎರಡು ಸದ್ದಿನ ನಡುವೆ ಏಳುತ್ತಿದ್ದೆವು. ನಮ್ಮಲ್ಲಿ ಗಂಡಸರು ಮಗ್ಗಕ್ಕೆ ಇಳಿಯುತ್ತಿದ್ದರು, ಹೆಂಗಸರು ನೂಲುತ್ತಿದ್ದರು. ಅಪ್ಪನ ತಂಗಿ ತಿಪ್ಪಕ್ಕತ್ತೆ ಗಂಡ ಸತ್ತ ಮೇಲೆ ತವರಿಗೆ ಬಂದಿದ್ದಳು. ಅವಳು ಬಂದ ಮೇಲೆ ಎರಡು ಮಗ್ಗಗಳು ಬಿಡುವಿಲ್ಲದೆ ನಡೆಯತೊಡಗಿದವು, ಏಕೆಂದರೆ ಎರಡಕ್ಕೂ ಸಾಲುವಷ್ಟು ನೂಲನ್ನು ಅವಳೊಬ್ಬಳೇ ತೆಗೆಯುತ್ತಿದ್ದಳು. ಅವಳ ನೂಲು ಎಷ್ಟು ಸಣ್ಣ, ಎಷ್ಟು ಸಮ ಎಂದರೆ, ಕಂಬಳಿ ಕೊಳ್ಳಲು ಬಂದ ಮೊಳಕಾಲ್ಮುರಿನ ನರಸಮ್ಮ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. ನರಸಮ್ಮನದು ರೇಷ್ಮೆ ಸೀರೆ ನೇಯುವ ಮನೆ. ಅಲ್ಲಿ ಹೆಂಗಸರು ಕೂತು ರೇಷ್ಮೆ ಸುತ್ತುತ್ತಾರೆ, ಎಳೆ ಆರಿಸುತ್ತಾರೆ. ಅವಳು ಅತ್ತೆಯನ್ನು ಕೆಲಸಕ್ಕೆ ಕರೆದಳು. ಇರಲು ಜಾಗ, ಕೂಲಿ ಎಲ್ಲ ಕೊಡುವೆನೆಂದಳು. ಕಟ್ಟಲೆ ಒಂದೇ: ರೇಷ್ಮೆಯ ಎಳೆಯನ್ನು ಅಂಗೈ ಮೇಲೆ ಎಳೆದರೆ ಎಲ್ಲಿಯೂ ಸಿಕ್ಕಬಾರದು. ಆ ಮನೆಗೆ ಕೆಲಸಕ್ಕೆ ಸೇರುವ ಎಲ್ಲರ ಕೈಯನ್ನೂ ಹಾಗೆ ನೋಡಿಯೇ ಸೇರಿಸುತ್ತಿದ್ದರು.

ಅತ್ತೆ ಆ ಬೇಸಿಗೆಯಿಂದಲೇ ಕೈ ನೋಡಿಕೊಳ್ಳತೊಡಗಿದಳು. ಉಣ್ಣೆಯಿಂದ ಅವಳಿಗೆ ಭಯವಿರಲಿಲ್ಲ. ಹಸಿ ಉಣ್ಣೆಯಲ್ಲಿ ಜಿಡ್ಡಿರುತ್ತದೆ, ಅದು ಕೈಯನ್ನು ಮೆತ್ತಗೆ ಇಡುತ್ತದೆ. ನೂಲು ಹಿಡಿದು ಗಟ್ಟಿಯಾದ ಬೆರಳ ತುದಿಯನ್ನು ಸಿದ್ದಾಪುರದ ಗುಡ್ಡದ ಕಡೆಯಿಂದ ಕುರಿಯವರು ತಂದುಕೊಟ್ಟ ನುಣುಪು ಕಲ್ಲಿನಿಂದ ಉಜ್ಜುತ್ತಿದ್ದಳು. ಸಂಜೆ ಹರಳೆಣ್ಣೆ ಹಚ್ಚಿ ಹಳೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ನಮ್ಮ ಕೂಲಿಯಾಳು ಸಣ್ಣಬೋರ ಅದನ್ನು ಕಂಡು, "ಏನ್ ತಿಪ್ಪಕ್ಕ, ಮೈಸೂರು ಅರಮನೆಗೆ ಹೋಗ್ತೀಯಾ?" ಎಂದು ನಕ್ಕ. "ಹೋದ್ರೆ ನೀನು ನೇದ ಕಂಬಳೀನ ಕಾಲೊರಸಾಕೆ ಹಾಕಿಸ್ತೀನಿ ಬಿಡಲೇ" ಎಂದಳು ಅತ್ತೆ. ಪಡಸಾಲೆಯವರೆಲ್ಲ ನಕ್ಕರು. ಅಜ್ಜನೂ ನಕ್ಕ.

ಅವಳ ಯೋಜನೆಯೆಲ್ಲ ನನಗೆ ಗೊತ್ತಿತ್ತು, ಏಕೆಂದರೆ ಬಟ್ಟೆ ಸುತ್ತುತ್ತಿದ್ದವಳು ನಾನೇ. ಮೊದಲ ವರ್ಷ ಸುತ್ತುವುದು ಕಲಿಯಬೇಕು. ಆಮೇಲೆ ಸೀರೆಯಂಚಿನ ಎಳೆ ಆರಿಸುವುದು. ಮೂವತ್ತು ತುಂಬುವುದರೊಳಗೆ ತನ್ನದೇ ಒಂದು ಕೋಣೆ, ಅದಕ್ಕೊಂದು ಕಿಟಕಿ. ನಮ್ಮ ಮಾಳಿಗೆ ಮನೆಗೆ ಕಿಟಕಿ ಇರಲಿಲ್ಲ. ನನ್ನ ಯೋಜನೆ ಇಷ್ಟೇ: ಅವಳ ಜೊತೆ ಹೋಗಿ ಅವಳ ಒಲೆ ಹಚ್ಚಿಕೊಡುವುದು. ಅದನ್ನು ಹೇಳಿದಾಗ ಅವಳು ಸುತ್ತಿದ ಕೈಯಿಂದಲೇ ನನ್ನ ತಲೆಗೆ ಮೊಟಕಿದಳು. "ಒಲೆ ಹಚ್ಚಾಕೆ ಅಷ್ಟು ದೂರ ಯಾಕೆ ಬರ್ತೀಯೇ ಬೋರಿ? ಒಲೆ ಇಲ್ಲೂ ಐತೆ."

ಅಜ್ಜನನ್ನು ಕೇಳಿದ ದಿನ ಮನೆ ಮಂದಿಯೆಲ್ಲ ಕೆಲಸ ಬಿಟ್ಟು ಪಡಸಾಲೆಯಲ್ಲಿ ಕೂತಿದ್ದರು. ಅಜ್ಜ ಎಲೆಯಡಿಕೆ ಜಗಿಯುವುದನ್ನು ಮುಗಿಸಿ, "ಹೋಗವ್ವ, ಯಾರು ಬ್ಯಾಡ ಅಂದ್ರು?" ಎಂದ. ಅವ್ವ ಅಳುತ್ತ ದೇವರ ಗೂಡಿಗೆ ದೀಪ ಹಚ್ಚಿದಳು. ಗಂಡ ಸತ್ತ ಮಗಳನ್ನು ಊರುಬಿಟ್ಟು ದುಡಿಯಲು ಕಳಿಸುವ ತಂದೆ ಎಲ್ಲಿದ್ದಾನೆ ಎಂದು ಊರೆಲ್ಲ ಅಜ್ಜನನ್ನು ಕೊಂಡಾಡಿತು. ಆ ಮಾತು ಅರ್ಧ ಶತಮಾನ ದಾಟಿ ರುದ್ರಪ್ಪನ ಬಾಯಿಗೂ ಬಂದಿದೆ.

ಮಾಗಿಯ ಚಳಿಯಲ್ಲಿ, ಕಂಬಳಿ ಗಾಡಿ ಮೊಳಕಾಲ್ಮುರಿನ ಕಡೆ ಹೊರಡುವಾಗ ಅತ್ತೆಯೂ ಹೋಗುವುದೆಂದಾಯಿತು. ಆ ವಾರದ ಮೊದಲಲ್ಲೇ ಅಜ್ಜ ಕೂಲಿಯಾಳುಗಳನ್ನು ಕುರಿಯ ಉಣ್ಣೆ ಕತ್ತರಿಸಲು ದೂರದ ಹಟ್ಟಿಗೆ ಕಳಿಸಿಬಿಟ್ಟ. ಕಂಬಳಿಯ ಹಾಸುನೂಲಿಗೆ ಗಂಜಿ ಹಚ್ಚುವುದು ಅವರ ಕೆಲಸ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ಉದ್ದದ ಎಳೆಗಳನ್ನು ಬಯಲಿನಲ್ಲಿ ಬಿಗಿದು ಕಟ್ಟಿ, ಹುಣಸೆಬೀಜದ ಗಂಜಿಯನ್ನು ಕೈಯಿಂದ ಬಳಿದು, ಮೇಲೆ ದಪ್ಪ ಕುಂಚ ಎಳೆಯಬೇಕು. ಗಂಜಿ ಬೆರಳ ಸಂದಿಯಲ್ಲಿ ಒಣಗುತ್ತದೆ, ಮಾಗಿಯ ಗಾಳಿ ಅದನ್ನು ಬಿಗಿಯುತ್ತದೆ, ಸೆಟೆದ ಉಣ್ಣೆ ಅದರ ಮೇಲೆ ಅರದಂತೆ ಓಡುತ್ತದೆ. ಹೆಂಗಸರು ಗಂಜಿ ಬೇಯಿಸುತ್ತಿದ್ದರೇ ಹೊರತು ಹಚ್ಚುತ್ತಿರಲಿಲ್ಲ. ಅಜ್ಜ ಕುಂಚವನ್ನು ಅತ್ತೆಯ ಮುಂದೆ ಇಟ್ಟ. ಹಾಸು ನಿಂತುಹೋದರೆ ಗಾಡಿಗೆ ಕಂಬಳಿ ಇರುವುದಿಲ್ಲ, ಗಾಡಿ ಹೋಗದಿದ್ದರೆ ಅವಳೂ ಹೋಗುವಂತಿಲ್ಲ ಎಂದ. ಅವ್ವ ಎದ್ದು ಬಂದು ತಾನು ಹಚ್ಚುವುದಾಗಿ ಹೇಳಿದಳು. "ನಿನಗೆ ರೊಟ್ಟಿ ಕೆಲಸ ಐತೆ" ಎಂದ ಅಜ್ಜ. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ, ತಲೆ ಎತ್ತಲಿಲ್ಲ. ಅತ್ತೆ ಎಲ್ಲರ ಮುಖವನ್ನೂ ಒಮ್ಮೆ ನೋಡಿ ಕುಂಚ ಎತ್ತಿಕೊಂಡಳು. ಗಾಡಿ ಹೊರಡುವ ಮುನ್ನಾದಿನದವರೆಗೂ ಹಚ್ಚಿದಳು. ಸಂಜೆ ನಾನು ಹರಳೆಣ್ಣೆ ಹಚ್ಚಿದರೆ ಉರಿಯೆಂದು ಕೈ ಎಳೆದುಕೊಳ್ಳುತ್ತಿದ್ದಳು. ಅಂಗೈಯ ಗೆರೆಗಳೆಲ್ಲ ಬಾಯಿ ಬಿಟ್ಟಿದ್ದವು.

ಗಾಡಿಯಲ್ಲಿ ಅಪ್ಪ, ಅತ್ತೆ, ಕಂಬಳಿಗಳ ಮೇಲೆ ನಾನು. ಕೊಂಡ್ಲಹಳ್ಳಿಯ ನೆಂಟರ ಮನೆಯಲ್ಲಿ ತಂಗಿ ಮರುದಿನ ಮೊಳಕಾಲ್ಮುರು ಮುಟ್ಟಿದೆವು. ನರಸಮ್ಮನ ಮನೆಯ ನೆಲ ಎಷ್ಟು ನುಣುಪಾಗಿತ್ತೆಂದರೆ ನನಗೆ ಕಾಲಿಡಲು ನಾಚಿಕೆಯಾಯಿತು. ಕಿಟಕಿಯ ಬೆಳಕಿನಲ್ಲಿ ಹೆಂಗಸರು ಸಾಲಾಗಿ ಕೂತು, ತೆಲುಗಿನಲ್ಲಿ ಹರಟುತ್ತ ರೇಷ್ಮೆ ಸುತ್ತುತ್ತಿದ್ದರು. ನರಸಮ್ಮ ಒಂದು ಕೆಂಪು ಎಳೆ ತಂದು ಅತ್ತೆಯ ಅಂಗೈ ಮೇಲೆ ಇಟ್ಟು ಎಳೆದಳು. ಎಳೆ ಸಿಕ್ಕಿತು. ಬಿಡಿಸಿ ಮತ್ತೆ ಎಳೆದಳು. ಮತ್ತೆ ಸಿಕ್ಕಿ, ತುಂಡಾಗಿ, ಬಿರುಕಿನಲ್ಲೇ ಉಳಿಯಿತು. "ಅಯ್ಯೋ, ಇದೇಮಮ್ಮಾ ಈ ಚೇತುಲು" ಎಂದಳು ನರಸಮ್ಮ, ಇದೇನಮ್ಮ ಈ ಕೈಗಳು ಎಂದು. ಅವಳ ದನಿಯಲ್ಲಿ ತಿರಸ್ಕಾರ ಇರಲಿಲ್ಲ, ಮರುಕ ಇತ್ತು. ಕೈ ಮಾಗಿದ ಮೇಲೆ ಬಾ, ಜಾಗ ಇಟ್ಟಿರುತ್ತೇನೆ ಎಂದು ಮಜ್ಜಿಗೆ ಕೊಟ್ಟು ಕಳಿಸಿದಳು. ಬರುವ ದಾರಿಯುದ್ದಕ್ಕೂ ಅತ್ತೆ ಆ ಕೆಂಪು ಎಳೆಯನ್ನು ಬಿರುಕಿನಿಂದ ತೆಗೆಯಲಿಲ್ಲ.

ಊರಿಗೆ ಬಂದು ಗಾಡಿ ಇಳಿದವಳೇ ಅಜ್ಜನ ಮುಂದೆ ನಿಂತಳು. "ಅಪ್ಪಾ, ಕಳಿಸಾಕಿಲ್ಲ ಅನ್ನು. ಬಾಯಿಬಿಟ್ಟು ಬ್ಯಾಡ ಅನ್ನು."

"ನಾನ್ಯಾಕೆ ಬ್ಯಾಡ ಅನ್ಲವ್ವ?" ಎಂದ ಅಜ್ಜ. "ನಿನ್ನ ಕೈಯೇ ಬ್ಯಾಡ ಅಂದೈತೆ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳ ಮೇಲೆ ಅವನು ಒಮ್ಮೆಯೂ ಕೈ ಎತ್ತಲಿಲ್ಲ, ದನಿ ಎತ್ತಲಿಲ್ಲ. ಅಂದಿನಿಂದ ಗಂಜಿಯ ಕುಂಚ ಅತ್ತೆಯದೇ ಆಯಿತು. ಕೈ ಮಾಗುವ ಹೊತ್ತಿಗೆ ಇನ್ನೊಂದು ಹಾಸು ಬಯಲಿಗೆ ಬರುತ್ತಿತ್ತು. ಆಳುಗಳು ಹಿಂದಿರುಗಿದರು, ಅವರಿಗೆ ಬೇರೆ ಕೆಲಸ ಸಿಕ್ಕಿತು. ನರಸಮ್ಮ ಒಮ್ಮೆ ಹೇಳಿಕಳಿಸಿದಳು, ಆಮೇಲೆ ಹೇಳಿಕಳಿಸುವುದನ್ನು ಬಿಟ್ಟಳು. ಅತ್ತೆ ನುಣುಪು ಕಲ್ಲನ್ನು ನನಗೆ ಆಡಲು ಕೊಟ್ಟಳು. ಅವಳ ನೂಲು ಮಾತ್ರ ಹಿಂದಿನಷ್ಟೇ ಸಣ್ಣಗೆ ಬರುತ್ತಿತ್ತು, ಎರಡು ಮಗ್ಗಗಳು ಬಿಡುವಿಲ್ಲದೆ ನಡೆಯುತ್ತಿದ್ದವು.

ಮರುವರ್ಷ ಅಪ್ಪ ಯಾರನ್ನೂ ಕೇಳದೆ ನನಗೊಂದು ಸ್ಲೇಟು ತಂದು ಶಾಲೆಗೆ ಸೇರಿಸಿದ. ಯಾಕೆಂದು ಅವನು ಹೇಳಲಿಲ್ಲ, ನನಗೆ ಗೊತ್ತಿತ್ತು. ಅದಕ್ಕಾಗಿ ಅವನನ್ನು ಎಲ್ಲರೂ ಹೊಗಳುತ್ತಾರೆ, ನಾನು ಇಂದಿಗೂ ಪೂರ್ತಿ ಹೊಗಳಲಾರೆ. ತಂಗಿಗೆ ಬೇಕಾಗಿದ್ದಾಗ ಏಳದ ತಲೆ ಮಗಳಿಗಾಗಿ ಎದ್ದಿತು. ಅತ್ತೆಯ ನೂಲಿನ ಮೇಲೆ ಕಾಲಿಟ್ಟು ನಾನು ಶಾಲೆಗೆ ನಡೆದೆ. ಹದಿನೈದರಲ್ಲಿ ನನ್ನ ಯೋಜನೆ ಅವಳನ್ನು ಆ ಮನೆಯಿಂದ ಬಿಡಿಸಿಕೊಂಡು ಹೋಗುವುದಾಗಿತ್ತು. ಇಪ್ಪತ್ತರಲ್ಲಿ ಉಪಾಧ್ಯಾಯಿನಿಯರ ತರಬೇತಿಯಲ್ಲಿದ್ದೆ. ಗಂಟೆಗೆ ಏಳುವುದು, ಗಂಟೆಗೆ ಉಣ್ಣುವುದು, ಗಂಟೆಗೆ ದೀಪ ಆರಿಸುವುದು. ಕೆಲಸ ಸಿಕ್ಕ ತಿಂಗಳೇ ಬಾಡಿಗೆಗೊಂದು ಕೋಣೆ ಹಿಡಿದು, ಅತ್ತೆಯನ್ನು ಕರೆತರಬೇಕೆಂದು ಅಲ್ಲಿ ನಿಶ್ಚಯಿಸಿದ್ದೆ. ಕಿಟಕಿಯ ಕೋಣೆ. ಆದರೆ ತರಬೇತಿ ಮುಗಿಯುವ ಮೊದಲೇ ಜ್ವರ ಬಂದು ಅವಳು ಹೋದಳು. ನಾನು ಊರು ಮುಟ್ಟುವಾಗ ಮಣ್ಣಾಗಿತ್ತು. ಅವಳೇ ನೂತ ನೂಲಿನ ಕಂಬಳಿಯಲ್ಲಿ ಸುತ್ತಿದ್ದರಂತೆ. ಸುತ್ತುವ ಮೊದಲು ಅವ್ವ ಅವಳ ಎರಡೂ ಅಂಗೈಗೆ ಹರಳೆಣ್ಣೆ ಹಚ್ಚಿದಳಂತೆ, ಅಜ್ಜ ನೋಡುತ್ತಿದ್ದಂತೆಯೇ. ಅವ್ವ ಆ ಮನೆಯಲ್ಲಿ ಅವನೆದುರು ಮಾಡಿದ ಪ್ರತಿಭಟನೆ ಅದೊಂದೇ ಎಂದು ನನ್ನ ನಂಬಿಕೆ.

ಆಮೇಲೆ ನಾನೂ ಎಷ್ಟೋ ಯೋಜನೆ ಹಾಕಿದೆ, ಎಷ್ಟೋ ಹೆಣ್ಣುಮಕ್ಕಳಿಗೆ ಪಾಠ ಹೇಳಿದೆ. ಬೇಡ ಎಂದು ಬಾಯಿಬಿಟ್ಟು ಹೇಳುವ ತಂದೆಯರೊಡನೆ ಜಗಳವಾಡಿ ಗೆದ್ದಿದ್ದೇನೆ. ಗೆಲ್ಲಲಾಗದೇ ಹೋದದ್ದು, "ನಾನೇನು ಬೇಡ ಅಂದಿಲ್ಲ" ಎನ್ನುವವರೊಡನೆ. ಹಾಗೆ ಹೇಳಿ ಅವರು ಕೊಡುವ ಕೆಲಸದಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಅದು ಮನೆಯ ಕೆಲಸ, ಯಾರಾದರೂ ಮಾಡಲೇಬೇಕಾದ್ದು. ಈಗ ನನ್ನಿವಾಳದ ಆ ಮಾಳಿಗೆ ಬಿದ್ದು ಮಣ್ಣಾಗಿದೆ. ಮಗ್ಗದ ಗುಂಡಿಯಲ್ಲಿ ಎಕ್ಕದ ಗಿಡ ಎದ್ದಿದೆ. ಅಜ್ಜನ ಒಳ್ಳೆಯ ಹೆಸರೊಂದು ಮಾತ್ರ ಬೀಳದೆ ನಿಂತಿದೆ.

ರತ್ನಳ ಕೈಯಿಂದ ಸೌಟು ಕಿತ್ತುಕೊಂಡೆ. ಅಪ್ಪ ಬೈಯುತ್ತಾನೆ ಎಂದಳು. ಬೈಯಲಿ, ನೀನು ಕೈ ತೊಳೆದು ಮೇಲಿನ ಕೋಣೆಗೆ ಹೋಗು ಎಂದೆ. ಗಂಜಿ ಇಳಿಸಿ, ಆರಿಸಿ, ಸೋಸಿದೆ. ರಟ್ಟುಗಳನ್ನು ಸಾಲಾಗಿ ಜೋಡಿಸಿ ಒಂದೊಂದಕ್ಕೂ ಹಚ್ಚಿದೆ. ನಡುವೆ ಊಟಕ್ಕೆ ಎದ್ದದ್ದು ಬಿಟ್ಟರೆ ಸಂಜೆಯವರೆಗೂ ಕೂತೆ. ರುದ್ರಪ್ಪ ಬಂದವನು ಬಾಗಿಲಲ್ಲೇ ನಿಂತು, "ನೀವ್ಯಾಕ್ರಿ ಅತ್ತೆ ಇದನ್ನೆಲ್ಲ ಮಾಡಾಕೆ ಹೋದ್ರಿ? ಅವಳಿರಲಿಲ್ವಾ?" ಎಂದ. "ನಿಮ್ಮ ಮುತ್ತಜ್ಜನ ಮಗಳು ತಿಪ್ಪಕ್ಕ ಅಂತ ಒಬ್ಬಳಿದ್ದಳು. ಕೂತ್ಕೊ, ಹೇಳ್ತೀನಿ" ಎಂದೆ. ಕೂತ. ಹೇಳಿದೆ. ಮುಗಿದ ಮೇಲೆ ಅವನು ಉಳಿದ ರಟ್ಟುಗಳನ್ನು ತನ್ನ ಕಡೆ ಎಳೆದುಕೊಂಡ.

ಕೊನೆಯ ರಟ್ಟು ಅವನೇ ಅಂಟಿಸಿದ. ನಾನು ಗಂಜಿ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ, ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿದೆ. ಒಣಗಿದ ಗಂಜಿ ಬೆರಳ ಸಂದಿಯಲ್ಲಿ ಬಿಗಿಯುತ್ತಿತ್ತು. ಬಿಸಿನೀರಿನಲ್ಲಿ ಕೈ ತೊಳೆದು, ಹರಳೆಣ್ಣೆ ಹಚ್ಚಿಕೊಂಡು, ಸೀಸೆಯ ಮುಚ್ಚಳ ಬಿಗಿದೆ.