ಮುಟ್ಟದೆ ಬಿಟ್ಟ ಎಡಗಡೆ

ನಮ್ಮದು ನೇಯ್ಗೆಯ ಮನೆ. ಮಗ್ಗದಲ್ಲಿ ರೇಷ್ಮೆ ಎಳೆಯೊಂದು ಹರಿಯುವಂತಿದ್ದರೆ ಅದರ ತಂಟೆಗೆ ಹೋಗಬಾರದು ಎಂಬುದು ಅಮ್ಮ ಕಲಿಸಿದ ಪಾಠ. ಹಲ್ಲುಜ್ಜುವಾಗ ನನ್ನ ಎಡಗಡೆ ವಸಡಿನಲ್ಲಿ ರಕ್ತ ಬಂದಾಗಲೂ ಅದೇ ಪಾಠ: "ಆ ಕಡೆ ಬ್ರಷ್ ಹಾಕ್ಬೇಡ ಕಣಮ್ಮ, ತಾನೇ ಮಾಯ್ತದೆ."

ಆರು ತಿಂಗಳು ಬಲಗಡೆ ಮಾತ್ರ ಉಜ್ಜಿದೆ. ರಕ್ತ ನಿಲ್ಲಲಿಲ್ಲ, ಬಾಯಿ ಬೇರೆ ನಾರತೊಡಗಿತು. ಹಿಂದೂಪುರದ ಹಲ್ಲಿನ ಡಾಕ್ಟರು ಕಲ್ಲಿನಂತೆ ಕಟ್ಟಿದ್ದ ಕೊಳೆಯನ್ನು ಕೆರೆದು ತೆಗೆದು, "ರಕ್ತ ಬರೋ ಕಡೆನೂ ದಿನಾ ಉಜ್ಜಬೇಕಮ್ಮ, ಮೆತ್ತನೆ ಬ್ರಷ್ಷಲ್ಲಿ, ನಿಧಾನಕ್ಕೆ" ಎಂದರು.

ಯಾರ ಮಾತು ಕೇಳುವುದು? ತಲೆ ಕೆಟ್ಟು ಮನೆಗೆ ಬಂದು ಅಮ್ಮನನ್ನೇ ಕೇಳಿದೆ.

"ನಾನೂ ಹಂಗೇ ಬಿಟ್ಬುಟ್ಟಿದ್ದೆ. ರಕ್ತ ನಿಂತೇ ಹೋಯ್ತು, ನೋಡು" ಎಂದು ಬಾಯಿ ತೆರೆದು ತೋರಿಸಿದಳು.

ಎಡಗಡೆ ಒಂದು ಹಲ್ಲೂ ಇರಲಿಲ್ಲ.