ಗಂಟು ಮಾಮನ ಕೆಂಪು ಬಟ್ಟೆ

ಬೀದಿದೀಪ ಇನ್ನೂ ಆರಿಲ್ಲ. ಸೈನಿಕರ ವಸತಿ ಸಾಲಿನ ಕೊನೆಯ ಮನೆಯಿಂದ ಟೇಪು ಎಳೆಯುವ ಸದ್ದು 'ಚರ್‍ರ್' ಎಂದು ಗೋಡೆ ದಾಟಿ ಹೋಗಿ ಪಕ್ಕದ ಮನೆಯವರ ನಿದ್ದೆಗೂ ಕೈ ಹಾಕುತ್ತಿದೆ. ಬೋಳಾದ ನಡುಮನೆಯಲ್ಲಿ ಒಬ್ಬರು ಮಂಡಿಯೂರಿ ಕೂತಿದ್ದಾರೆ. ಹಲ್ಲಿನ ನಡುವೆ ಕತ್ತರಿ, ಎಡಗೈಯಲ್ಲಿ ಹಳೆಯ ಪತ್ರಿಕೆ, ಬಲಗೈಯಲ್ಲಿ ಗಾಜಿನ ಲೋಟ. ಲೋಟವನ್ನು ಕಾಗದದ ಮೂಲೆಗಿಟ್ಟು ಒಂದು ಉರುಳು, ಒಂದು ಮಡಿಕೆ, ಮತ್ತೊಂದು ಉರುಳು. ಹಸುಗೂಸಿಗೆ ಹೊದಿಕೆ ಸುತ್ತಿದ ಹಾಗೆ ಸುತ್ತಿ ಪೆಟ್ಟಿಗೆಯೊಳಗೆ ನಿಲ್ಲಿಸುತ್ತಾರೆ, ಮಲಗಿಸುವುದಿಲ್ಲ.

"ತಟ್ಟೆ, ಲೋಟ ಮಲಗಿದ್ರೆ ಒಡೆದು ಹೋಗ್ತಾವೆ," ಕತ್ತರಿಯನ್ನು ಬಾಯಿಂದ ಕಿವಿಯ ಸಂದಿಗೆ ವರ್ಗ ಮಾಡಿ ಹೇಳುತ್ತಾರೆ. "ಟಿಕೆಟ್ ಸಿಗದೇ ಇರೋರ ಥರ ದಾರಿಯುದ್ದಕ್ಕೂ ನಿಂತ್ಕೊಂಡೇ ಹೋಗ್ಬೇಕು. ಒಬ್ಬರಿಗೊಬ್ಬರು ಒತ್ಕೊಂಡಿದ್ರೆ ಯಾರೂ ಬೀಳಲ್ಲ."

ಈ ಸಾಲಿನಲ್ಲಿ ಎಲ್ಲರಿಗೂ ಇವರು ಗಂಟು ಮಾಮ. ಗಂಟುಮೂಟೆ ಕಟ್ಟುವುದು ಕಸುಬು, ಗಂಟುಮೋರೆ ಮಾತ್ರ ಗೊತ್ತಿಲ್ಲ. ಮೂವತ್ತು ವರ್ಷ ಊರವರ ಗಂಟು ಕಟ್ಟಿಯೂ ತನಗೊಂದು ಗಂಟು ಮಾಡಿಕೊಳ್ಳದ ಭೂಪ ಎಂದು ಮನೆಯಾಕೆಯ ತಕರಾರು. ಸೈನಿಕರಿಗೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗ. ಆಜ್ಞೆ ಬಂದ ದಿನದಿಂದ ಮನೆ ಖಾಲಿ ಮಾಡುವ ದಿನದವರೆಗೆ ಹೆಂಡತಿ ಮಕ್ಕಳಿಗೆ ಊಟ ರುಚಿಸುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಆಗ ಮೊದಲು ಹೋಗುವ ಫೋನು ಗಂಟು ಮಾಮನಿಗೆ. ವರ್ಗಾವಣೆಯ ಕಾಲದಲ್ಲಿ ತಿಂಗಳಿಗೆ ಹತ್ತು ಹನ್ನೆರಡು ಮನೆ. ಉಳಿದ ತಿಂಗಳಲ್ಲಿ ಎರಡೋ ಮೂರೋ. ಮಳೆ ಇರಲಿ, ಸೊಂಟ ನೋವಿರಲಿ, ಬೆಳಕು ಹರಿಯುವ ಮೊದಲೇ ಬಾಗಿಲಲ್ಲಿ ಹಾಜರು.

ಇಷ್ಟೆಲ್ಲ ಮನೆ ಎತ್ತಿಸಿದವರು ತಾವು ಮಾತ್ರ ಮದುವೆಯಾದಾಗ ಹೊಕ್ಕ ಒಂದೂವರೆ ಕೋಣೆಯಿಂದ ಕದಲಿಲ್ಲ. "ಊರಿನವರ ಬೀರು ಎಲ್ಲ ಮಹಡಿ ಇಳಿಸ್ತಾರೆ," ಎಂದು ಮನೆಯಾಕೆ ಮೂತಿ ತಿರುವುತ್ತಾರೆ. "ನಮ್ಮ ಮಂಚ ಒಂದು ಗೇಣು ಆ ಕಡೆ ಸರಿಸಿ ಅಂದ್ರೆ, 'ಇವತ್ತು ರಜೆ ಕಣೇ' ಅಂತಾರೆ." ಗಂಡನ ದನಿ ತೆಗೆಯುವಾಗ ಮೂಗಿನಲ್ಲಿ ಒಂದು ಗೊರಕೆಯನ್ನೂ ಸೇರಿಸುವುದನ್ನು ಅವರು ಮರೆಯುವುದಿಲ್ಲ.

ಮಾಮನ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಯಾವ ಮನೆಗೆ ಕಾಲಿಟ್ಟರೂ ಮೊದಲು ಜೇಬಿನಿಂದ ಒಂದು ಕೆಂಪು ಬಟ್ಟೆ ತೆಗೆದು ಬಚ್ಚಲುಮನೆಯ ಚಿಲಕಕ್ಕೆ ಕಟ್ಟುತ್ತಾರೆ. ಆ ಬಾಗಿಲ ಹಿಂದೆ ಇರುವುದನ್ನು ಯಾರೂ ಕಟ್ಟುವಂತಿಲ್ಲ. ಹಲ್ಲುಜ್ಜುವ ಬ್ರಷ್ಷು, ಮಗುವಿನ ಔಷಧಿ, ರೈಲಿನ ಟಿಕೆಟ್ಟು, ಮೈಮೇಲೆ ಹಾಕಿಕೊಂಡು ಹೋಗುವ ಬಟ್ಟೆ ಎಲ್ಲ ಅಲ್ಲಿ. ಅದು ಮನೆಯವರ ಕೈಯಲ್ಲೇ ಹೋಗಬೇಕಾದ ಸಾಮಾನು.

ಈ ಕಟ್ಟಳೆ ಹುಟ್ಟಿದ್ದು ಒಂದು ಎಡವಟ್ಟಿನಿಂದ. ಹಿಂದೆ ಒಮ್ಮೆ ಮಾಮನ ತಂಡ ಎಷ್ಟು ಹುರುಪಿನಿಂದ ಗಂಟು ಕಟ್ಟಿತೆಂದರೆ, ಅಧಿಕಾರಿಯೊಬ್ಬರ ಬೂಟುಗಳೂ ಲಾರಿ ಹತ್ತಿಬಿಟ್ಟವು. ಜೊತೆಗೆ ಕಸದ ಬುಟ್ಟಿ, ಕಸದ ಸಮೇತ. "ಹೊಸ ಊರಲ್ಲಿ ಸಾಹೇಬ್ರು ಮೊದಲನೇ ದಿನ ಮೇಲೆಲ್ಲ ಗರಿಗರಿ ಸಮವಸ್ತ್ರ, ಕೆಳಗೆ ರಬ್ಬರ್ ಚಪ್ಪಲಿ. ಪಟಕ್ ಪಟಕ್ ಅಂತ ಕವಾಯತು ಮೈದಾನಕ್ಕೆ ಹೋದ್ರಂತೆ!" ಮಾಮ ಎದ್ದು ನಿಂತು ಎದೆ ಉಬ್ಬಿಸಿ, ಚಪ್ಪಲಿ ಬಡಿಯುತ್ತ ನಡೆದು ತೋರಿಸುತ್ತಾರೆ. "ಸಂಜೆ ಫೋನ್ ಬಂತು. 'ಕಸದ ಬುಟ್ಟಿ ಸುರಕ್ಷಿತವಾಗಿ ಮುಟ್ಟಿದೆ ಕಣಯ್ಯಾ, ಬೂಟು ಯಾವಾಗ ಬರತ್ತೆ?' ಅಂದ್ರು."

ಇವತ್ತಿನ ಮನೆಯಲ್ಲಿ ನಗುವಿಗೆ ಪುರುಸೊತ್ತಿಲ್ಲ. ಯಜಮಾನ ಗಡಿಯ ಠಾಣೆಗೆ ಹೋಗಿ ನಾಲ್ಕು ತಿಂಗಳಾಯಿತು. ಅಲ್ಲಿಗೆ ಸಂಸಾರ ಕರೆದೊಯ್ಯುವ ಹಾಗಿಲ್ಲ, ಇಲ್ಲಿ ಮನೆ ಉಳಿಸಿಕೊಳ್ಳುವ ಹಾಗೂ ಇಲ್ಲ. ಅವರ ಹೆಂಡತಿ ಕಂಕುಳಲ್ಲಿ ಕೂಸು, ಆರು ವರ್ಷದ ಪುಟ್ಟಿ, ಇಷ್ಟು ಪರಿವಾರದೊಂದಿಗೆ ಯಾರನ್ನೂ ಅರಿಯದ ಊರಿಗೆ ಹೊರಟಿದ್ದಾರೆ. ಮಧ್ಯಾಹ್ನದೊಳಗೆ ಬೀಗದ ಕೈ ಒಪ್ಪಿಸಬೇಕು, ಆಮೇಲೆ ರೈಲು. ಈ ಮನೆಗೆ ಬರುವ ಸಂಸಾರದ ಲಾರಿ ಆಗಲೇ ದಾರಿಯಲ್ಲಿದೆ.

ಬೆಳಕು ಕಿಟಕಿಗೆ ಬರುವ ಹೊತ್ತಿಗೆ ಮಾಮನಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಬಾಯಿ ಮುಚ್ಚದೆ ಬಿಟ್ಟಿದ್ದ ಪೆಟ್ಟಿಗೆ ಎತ್ತಿದರೆ ಹಗುರ. ಗೋಡೆಗೆ ಒರಗಿಸಿದ್ದ ಮಡಿಸುವ ಕುರ್ಚಿ ಮಾಯ, ಹಾಡುತ್ತಿದ್ದ ರೇಡಿಯೋ ಕೂಡ ಮಾಯ.

"ಅಣ್ಣಾ, ರೇಡಿಯೋ ಲಾರಿಗೆ ಹಾಕಿದ್ಯಾ?" ಎಂದು ಕೂಗುತ್ತಾರೆ.

"ನಾನ್ಯಾಕೆ ಹಾಕ್ಲಿ? ಅದಿನ್ನೂ ನಿಮ್ಮ ಹತ್ರಾನೇ ಹಾಡ್ತಿತ್ತಲ್ಲ," ಎಂದು ಹೊರಗಿನಿಂದ ಲಾರಿಯ ಚಾಲಕ.

ಮಾಮ ಮೆಲ್ಲಗೆ ಹೋಗಿ ಕೆಂಪು ಬಟ್ಟೆಯ ಬಾಗಿಲು ತಳ್ಳುತ್ತಾರೆ. ಮಡಿಸುವ ಕುರ್ಚಿ ಬಿಡಿಸಿ ನಲ್ಲಿಯ ಕೆಳಗೆ ಇಟ್ಟಿದೆ. ಕುರ್ಚಿಯ ಮೇಲೆ ರೇಡಿಯೋ. ಬಕೆಟ್ಟಿನಲ್ಲಿ ಗಡ್ಡ ಹೆರೆಯುವ ಸಾಮಾನು, ಅರ್ಧ ತೋಳಿನ ಸ್ವೆಟರು, ಒಂದು ಜೊತೆ ಮನೆ ಚಪ್ಪಲಿ. ಮೂಲೆಯಲ್ಲಿ ತಲೆದಿಂಬು. ಎಲ್ಲವೂ ಗಡಿಯಲ್ಲಿರುವ ಯಜಮಾನನವೇ. ಅವುಗಳ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಪುಟ್ಟಿ ಕಾವಲು ನಿಂತಿದ್ದಾಳೆ.

"ಇಲ್ಲಿರೋದನ್ನ ಮುಟ್ಟೋ ಹಾಗಿಲ್ಲ," ಅನ್ನುತ್ತಾಳೆ. "ನೀವೇ ಹೇಳಿದ್ದು."

ತಾಯಿ ಓಡಿ ಬರುತ್ತಾರೆ. "ಏನೇ ಇದು ನಿನ್ನ ಅವತಾರ? ಬಾ ಈಚೆ. ರೈಲು ತಪ್ಪಿ ಹೋಗತ್ತೆ!"

"ಹೋಗ್ಲಿ."

"ಹೋಗ್ಲಿ ಅಂದ್ರೆ? ರಾತ್ರಿ ಎಲ್ಲಿ ಮಲಗ್ತೀಯೇ?"

"ಇಲ್ಲೇ. ಅಪ್ಪ ಹೋಗೋವಾಗ ಏನಂದ್ರು? 'ಇಲ್ಲೇ ಇರು ಪುಟ್ಟಿ, ಬಂದ್ಬಿಡ್ತೀನಿ' ಅಂದ್ರು. ನಾವು ಹೋದ್ಮೇಲೆ ಅಪ್ಪ ಬಂದ್ರೆ? ಬಾಗಿಲು ತಟ್ಟಿದ್ರೆ ಬೇರೆ ಯಾರೋ ತೆಗೀತಾರೆ."

"ಹೊಸ ಮನೆ ವಿಳಾಸ ಅವ್ರಿಗೆ ಗೊತ್ತು ಕಣೇ. ಫೋನಲ್ಲಿ ಎರಡು ಸಲ ಹೇಳಿದೀನಿ."

"ಅಪ್ಪಂಗೆ ಮರೆತು ಹೋಗತ್ತೆ. ತರಕಾರಿ ತರೋದೇ ಮರೀತಾರೆ ಅಂತ ನೀನೇ ಬೈತಿದ್ದೆ."

ಅಮ್ಮ ಕೂಸನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿ ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಾರೆ. ಹೊರಗೆ ಚಾಲಕ ಹಾರನ್ನು ಒತ್ತುತ್ತಾನೆ. ಹುಡುಗಿಯನ್ನು ಎತ್ತಿ ರೈಲಿಗೆ ಹಾಕುವುದು ಕಷ್ಟವಲ್ಲ, ಬೀರುವಿನ ಮುಂದೆ ಅವಳದೇನು ತೂಕ? ಆದರೆ ಅಪ್ಪನ ಮಾತು ಮೀರಿದೆನೆಂದು ಕೊರಗುತ್ತ ಹೋಗುವ ಮಗುವಿಗೆ ಹೊಸ ಊರು ಎಂದೂ ತನ್ನ ಊರಾಗುವುದಿಲ್ಲ. ಹಾಗೆ ಅಳುತ್ತ ಹೋದ ಮಕ್ಕಳನ್ನು ಮಾಮ ಬೇಕಾದಷ್ಟು ನೋಡಿದ್ದಾರೆ.

ಅವರು ಬಾಗಿಲ ಹೊರಗೇ ನಿಂತು ಕೇಳುತ್ತಾರೆ, "ನೀನು ಡ್ಯೂಟಿ ಮೇಲಿದೀಯ ಅನ್ನು?"

"ಹೂಂ."

"ಸರಿ. ನಿಮ್ಮಪ್ಪ ಗೇಟ್ ಹತ್ರ ಕಾವಲಿಗೆ ನಿಲ್ತಿದ್ರಲ್ಲ, ಹಗಲೂ ರಾತ್ರಿ ಒಬ್ರೇ ನಿಲ್ತಿದ್ರಾ?"

"ಇಲ್ಲ. ಇನ್ನೊಬ್ರು ಅಂಕಲ್ ಬರ್ತಿದ್ರು. ಅವ್ರು ಬಂದ್ಮೇಲೆ ಅಪ್ಪ ಮನೆಗೆ ಬರ್ತಿದ್ರು."

"ಹಾಂ! ಈಗ ನಾನು ಬಂದಿದೀನಿ. ನಾನು ಈ ಊರು ಬಿಟ್ಟು ಎಲ್ಲಿಗೂ ಹೋಗೋನಲ್ಲ, ಬೇಕಾದ್ರೆ ನಮ್ಮನೆಯವಳನ್ನ ಕೇಳು. ದಿನಾ ಬೆಳಿಗ್ಗೆ ಈ ಸಾಲಲ್ಲೇ ಇರ್ತೀನಿ. ಅಪ್ಪ ಬಂದ್ರೆ ಹೊಸ ಮನೆ ದಾರಿ ನಾನು ಹೇಳ್ತೀನಿ."

ಪುಟ್ಟಿ ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ. "ನಮ್ಮಪ್ಪ ಅಂತ ನಿಮಗೆ ಹೆಂಗೆ ಗೊತ್ತಾಗತ್ತೆ?"

ಎರಡು ವರ್ಷದ ಹಿಂದೆ ಇದೇ ಮನೆಗೆ ಇವರ ಪೆಟ್ಟಿಗೆಗಳನ್ನು ಇಳಿಸಿದವರೂ ಮಾಮನೇ. ಅವತ್ತು ಧೂಳಿಗೆ ಯಜಮಾನ ಸೀನಿದ್ದು ಇನ್ನೂ ಕಿವಿಯಲ್ಲಿದೆ. ಮಾಮ ತಲೆ ಹಿಂದಕ್ಕೆ ಎಸೆದು, ಕಣ್ಣು ಕಿರಿದು ಮಾಡಿ, ಮೂಗು ಹಿಡಿದು ಎರಡು ಸಣ್ಣ ಸೀನು ನುಂಗುತ್ತಾರೆ. ಮೂರನೆಯದು ಫಿರಂಗಿಯ ಹಾಗೆ ಹಾರುತ್ತದೆ. ಕೊನೆಗೊಂದು "ಅಯ್ಯಪ್ಪಾ!"

ಪುಟ್ಟಿ ಕಿಸಕ್ಕೆಂದು ನಗುತ್ತಾಳೆ. ಅಮ್ಮನೂ ಕಣ್ಣೊರೆಸುತ್ತಲೇ ನಗುತ್ತಾರೆ. "ಥೇಟ್ ಅವ್ರೇ! ಅಕ್ಕಪಕ್ಕದ ಕೂಸುಗಳೆಲ್ಲ ಎದ್ದುಬಿಡ್ತಿದ್ವು."

ಹುಡುಗಿ ಚಿಲಕದಿಂದ ಕೆಂಪು ಬಟ್ಟೆ ಬಿಚ್ಚುತ್ತಾಳೆ. ಮಾಮನ ಮಣಿಕಟ್ಟಿಗೆ ಸುತ್ತಿ, ಬರದ ಗಂಟನ್ನು ಹೇಗೋ ಹಾಕಿ, ಹಲ್ಲು ಕಚ್ಚಿ ಬಿಗಿಯುತ್ತಾಳೆ.

"ನಿಮ್ಮನ್ನ ಯಾರೂ ಕಟ್ಕೊಂಡು ಹೋಗೋ ಹಾಗಿಲ್ಲ. ನೀವು ಇಲ್ಲೇ ಇರ್ಬೇಕು. ಅಪ್ಪ ಹೊಸ ಮನೆಗೆ ಬಂದ್ಮೇಲೆ ಫೋನ್ ಮಾಡ್ತೀನಿ. ಅಲ್ಲೀವರ್ಗೂ ಬಿಚ್ಚಬೇಡಿ."

"ಆಯ್ತು ಸಾಹೇಬ್ರೇ," ಎಂದು ಮಾಮ ಹಿಮ್ಮಡಿ ಬಡಿದು ಸೆಲ್ಯೂಟ್ ಹೊಡೆಯುತ್ತಾರೆ. ಆಮೇಲೆ ಸ್ವೆಟರು, ಚಪ್ಪಲಿ, ರೇಡಿಯೋ ಒಂದೊಂದನ್ನೂ ಅವಳ ಎದುರೇ ಸುತ್ತುತ್ತಾರೆ. ಆ ಪೆಟ್ಟಿಗೆ ಲಾರಿಗೆ ಕಟ್ಟಕಡೆಗೆ ಹತ್ತುತ್ತದೆ. ಕೊನೆಗೆ ಹತ್ತಿದ್ದು ಹೊಸ ಮನೆಯಲ್ಲಿ ಮೊದಲು ಇಳಿಯುತ್ತದೆ. "ಅಲ್ಲಿ ಬಾಗಿಲು ತೆಗೆದ ತಕ್ಷಣ ಅಪ್ಪನ ಚಪ್ಪಲಿ ಹೊಸ್ತಿಲ ಪಕ್ಕ ಇಡು ಅಂತ ಪುಟ್ಟಿಗೆ ಹೇಳಿದೀನಿ," ಅನ್ನುತ್ತಾರೆ ಮಾಮ ಅಮ್ಮನಿಗೆ. "ಆಮೇಲೆ ಅದು ಅವಳ ಮನೆ."

ಬೀಗದ ಕೈ ಹೊತ್ತಿಗೆ ಸರಿಯಾಗಿ ಕೈ ಬದಲಾಗುತ್ತದೆ. ಆಟೋದ ಹಿಂಭಾಗದಿಂದ ಒಂದು ಪುಟ್ಟ ಕೈ ತಿರುವು ಬರುವವರೆಗೂ ಬೀಸುತ್ತದೆ. ಸಂಜೆ ಅದೇ ಮನೆಗೆ ಬೇರೆಯವರ ಮಂಚ, ಬೇರೆಯವರ ಕುಕ್ಕರು ಇಳಿಯುತ್ತವೆ. ಇಳಿಸುವವರು ಮತ್ತೆ ಮಾಮನೇ. ಹೊಸಬರಿಗೆ ಹಾಲಿನವನು ಬರುವ ಹೊತ್ತು, ಅಂಟಿಕೊಳ್ಳುವ ಕಿಟಕಿ, ಅಂಟಿಕೊಳ್ಳದ ನೆರೆಯವರು, ಎಲ್ಲದರ ವರದಿ ಒಪ್ಪಿಸಿ ಕಡೆಗೊಂದು ಮಾತು ಸೇರಿಸುತ್ತಾರೆ: "ಯಾರಾದ್ರೂ ಬಂದು ಪುಟ್ಟಿ ಅಂತ ಕೇಳಿದ್ರೆ, ಕೂರಿಸಿ ಟೀ ಕೊಡಿ. ನನಗೆ ಹೇಳಿ ಕಳ್ಸಿ."

ಮನೆಯಾಕೆಗೆ ರಾತ್ರಿಯೆಲ್ಲ ನಗು. "ಕೊನೆಗೂ ನಿಮ್ಮನ್ನ ಕಟ್ಟಿ ಹಾಕೋಕೆ ಆರು ವರ್ಷದವಳು ಬರ್ಬೇಕಾಯ್ತು."

ಈಗ ನಿಮ್ಮ ಆಸೆಯೇನೆಂದು ಅವರು ಕೇಳಿದರೆ ಮಾಮ ತಡಮಾಡದೆ ಹೇಳುತ್ತಾರೆ. "ಆ ಮನುಷ್ಯ ಇಲ್ಲಿಗೆ ಬರೋದೇ ಬೇಡ. ನೆಟ್ಟಗೆ ಮಕ್ಕಳ ಹತ್ರ ಹೋಗಿ ಸೀನಲಿ. ನನಗೆ ಫೋನ್ ಬಂದ್ರೆ ಸಾಕು."

ಮಾರನೆಯ ದಿನ ಬೀದಿದೀಪ ಆರುವ ಮೊದಲೇ ಮಾಮ ಸಾಲಿನ ಇನ್ನೊಂದು ಮನೆಯಲ್ಲಿದ್ದಾರೆ. ಬಚ್ಚಲಿನ ಬಾಗಿಲಿಗೆ ಹೋಗಿ ಜೇಬಿಗೆ ಕೈ ಹಾಕಿದರೆ ಜೇಬು ಖಾಲಿ. ಹೆಗಲ ಮೇಲಿನ ಟವೆಲ್ಲನ್ನೇ ಎಳೆದು ಚಿಲಕಕ್ಕೆ ಸುತ್ತುತ್ತಾರೆ.

"ಕೈಯಲ್ಲೇ ಇದೆಯಲ್ಲ ಮಾಮ, ಅದನ್ನೇ ಬಿಚ್ಚಿ ಕಟ್ಟಬಾರದಾ?" ಅನ್ನುತ್ತಾನೆ ಇವತ್ತಿನ ಲಾರಿಯ ಚಾಲಕ.

ಮಾಮ ಮಣಿಕಟ್ಟನ್ನು ಒಮ್ಮೆ ನೋಡಿಕೊಳ್ಳುತ್ತಾರೆ. ಸಡಿಲವಾಗಿದ್ದ ಗಂಟನ್ನು ಹಲ್ಲಿನಿಂದ ಎಳೆದು ಬಿಗಿ ಮಾಡುತ್ತಾರೆ.

"ಇದು ಡ್ಯೂಟಿ ಮೇಲಿದೆ ಕಣಯ್ಯಾ."